ಮುಕ್ಕಾಲು ದಂಡ

ಈಗ ಆ ಕಟ್ಟಡಕ್ಕೆ ಲಿಫ್ಟ್ ಬಂದಿದೆ. ಗುಂಡಿ ಒತ್ತಿದರೆ ಸಾಕು, ಮನುಷ್ಯ ತನ್ನ ಮೈಭಾರವನ್ನೆಲ್ಲ ಕಬ್ಬಿಣದ ಹಗ್ಗಕ್ಕೆ ಒಪ್ಪಿಸಿ ಆರಾಮವಾಗಿ ಮೇಲೆ ಹೋಗುತ್ತಾನೆ. ಮೊದಲನೆಯ ಮಹಡಿಯಿಂದ ಎರಡನೆಯ ಮಹಡಿಗೆ ಹದಿನಾಲ್ಕು ಮೆಟ್ಟಿಲುಗಳಿದ್ದವು ಎಂಬುದು ಈಗಿನವರಿಗೆ ಗೊತ್ತಿಲ್ಲ. ಗೊತ್ತಿರುವ ಹಳಬರನ್ನು ಕೇಳಿದರೆ ಅವರು ಸ್ವಲ್ಪ ನಕ್ಕು, "ಹದಿನಾಲ್ಕಲ್ಲ, ಹದಿಮೂರೂ ಮುಕ್ಕಾಲು" ಎನ್ನುತ್ತಾರೆ. ಉಳಿದ ಕಾಲು ಮೆಟ್ಟಿಲು ಎಲ್ಲಿ ಹೋಯಿತು ಎಂಬುದೇ ಈ ಕಥೆ.

ಆಗ ಎರಡನೆಯ ಮಹಡಿಯಲ್ಲಿ ದಾಖಲೆಯವರು ವಾಸವಾಗಿದ್ದರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಆದರೆ ನೀರು ಸರಬರಾಜು ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೈದು ವರ್ಷ ಕೂತ ಮೇಲೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಯಾವ ಬೀದಿಯ ಯಾವ ಮನೆಗೆ ಯಾವ ವರ್ಷ ನಲ್ಲಿ ಬಂತು ಎಂದು ಕೇಳಿದರೆ ಒಂದೇ ನಿಮಿಷದಲ್ಲಿ ರಿಜಿಸ್ಟರ್ ತೆಗೆದುಕೊಡುತ್ತಿದ್ದರು. ಕೊಡುವ ಮುನ್ನ ಒಂದು ಶಾಸ್ತ್ರವಿತ್ತು. ಹಳೆಯ ರಿಜಿಸ್ಟರನ್ನು ಸೊಂಟದೆತ್ತರಕ್ಕೆ ಹಿಡಿದು ನೆಲಕ್ಕೆ ಚಪ್ಪಟೆಯಾಗಿ ಬೀಳಿಸುವುದು. ದಢ್ ಎಂದು ಬಿದ್ದ ಕೂಡಲೇ ಒಳಗಿನ ಧೂಳು, ಹುಳ ಎಲ್ಲ ಹೊರಗೆ. ಮೂಲೆ ಮೊದಲು ತಾಕಿದರೆ ಹೊಲಿಗೆ ಬಿಚ್ಚುತ್ತದೆ, ಬೆನ್ನು ಮೊದಲು ತಾಕಿದರೆ ರಟ್ಟು ಕಿತ್ತುಬರುತ್ತದೆ. ನಾಲ್ಕೂ ಮೂಲೆ ಒಟ್ಟಿಗೆ ನೆಲ ಮುಟ್ಟಬೇಕು. ಇಪ್ಪತ್ತೈದು ವರ್ಷದಲ್ಲಿ ಅವರು ಒಂದು ರಿಜಿಸ್ಟರನ್ನೂ ಓರೆಯಾಗಿ ಬೀಳಿಸಿರಲಿಲ್ಲ. ಜಗತ್ತಿನಲ್ಲಿ ತಮಗೆ ಸರಿಯಾಗಿ ಬರುವ ವಿದ್ಯೆ ಇದೊಂದೇ ಎಂದು ಅವರಿಗೆ ಒಳಗೊಳಗೇ ಗೊತ್ತಿತ್ತು.

ಒಂದು ಸೋಮವಾರ ಕಚೇರಿಯ ಗೋಡೆಯ ಮೇಲೆ ದೊಡ್ಡ ಹಾಳೆಯೊಂದು ಕಾಣಿಸಿಕೊಂಡಿತು. ಎಡಕ್ಕೆ ಹೆಸರುಗಳು, ಮೇಲ್ಗಡೆ ಒಂದರಿಂದ ಮೂವತ್ತರವರೆಗೆ ಚೌಕದ ಮನೆಗಳು. ಮೂವತ್ತು ದಿನದ ದಂಡದ ಸವಾಲು, ಅಂದರೆ ನೆಲಕ್ಕೆ ಕೈಯೂರಿ ಮೈ ಇಳಿಸಿ ಎತ್ತುವುದು. ಸಲಕರಣೆ ಬೇಡ, ಜಾಗ ಬೇಡ, ನಿಮ್ಮ ಮೈಭಾರವೇ ಸಾಕು. ಮೊದಲ ದಿನ ಒಂದು ದಂಡ, ಎರಡನೆಯ ದಿನ ಎರಡು, ಮೂವತ್ತನೆಯ ದಿನ ಮೂವತ್ತು. ಮನೆಯಲ್ಲಿ ಹೊಡೆದು ಬಂದು ಇಲ್ಲಿ ಸಂಖ್ಯೆ ಬರೆಯಬೇಕು. ಹಾಳೆ ಅಂಟಿಸಿದ ಟೈಪಿಸ್ಟಮ್ಮ ಪೆನ್ನು ಹಿಡಿದು ಮೇಜಿಂದ ಮೇಜಿಗೆ ಹೋಗಿ ಎಲ್ಲರ ಹೆಸರು ಬರೆದುಕೊಂಡರು. ದಾಖಲೆಯವರ ಮುಂದೆ ಬಂದಾಗ ಮಾತ್ರ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು.

"ನಿಮಗೆ ತೊಂದರೆ ಕೊಡಲ್ಲ ಬಿಡಿ ಸಾರ್. ನಿಮ್ಮದು ಕೂತು ಮಾಡೋ ಕೆಲಸ."

ಮರ್ಯಾದೆಗೆ ಹೇಳಿದ ಮಾತು ಅದು. ಆದರೆ ಮರ್ಯಾದೆಯ ಮಾತು ಚುಚ್ಚಿದಷ್ಟು ಬೈಗುಳ ಚುಚ್ಚುವುದಿಲ್ಲ. ದಾಖಲೆಯವರು ಎದ್ದು ನಿಂತು, ತಾವು ಯಾರ ಕೈಯಲ್ಲಿ ದಂಡ ಕಲಿತವರು ಎಂಬುದು ಈ ಕಚೇರಿಗೆ ತಿಳಿಯದು, ಎಂಟು ವರ್ಷ ಡ್ರಿಲ್ ಮೇಷ್ಟ್ರ ಮುಂದೆ ಮೈದಾನದ ಮಣ್ಣು ತಿಂದವರು ತಾವು ಎಂದು ಘೋಷಿಸಿ, ಪೆನ್ನನ್ನು ತಾವೇ ಕಿತ್ತುಕೊಂಡು ಹೆಸರು ಬರೆದರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಣ್ಣು ತಿಂದದ್ದಂತೂ ಅಕ್ಷರಶಃ ನಿಜ.

ಆ ಡ್ರಿಲ್ ಮೇಷ್ಟ್ರ ಎಣಿಕೆಯೇ ಬೇರೆ. ಬೇರೆ ಶಾಲೆಗಳಲ್ಲಿ ಹುಡುಗರು ಹೇಗೆ ಹೊಡೆದರೂ ದಂಡಕ್ಕೆ ದಂಡ. ಒಂದು, ಎರಡು, ಮೂರು. ಈ ಮೇಷ್ಟ್ರು ಹಾಗಲ್ಲ. ಸೊಂಟ ಜೋತರೆ ಅರ್ಧ. ಎದೆ ನೆಲಕ್ಕೆ ಹೋಗದೆ ಮೂಗು ಮಾತ್ರ ಹೋದರೆ ಕಾಲು. ಎಲ್ಲ ಸರಿಯಿದ್ದು ಕೊನೆಯಲ್ಲಿ ಮೊಣಕೈ ನೆಟ್ಟಗಾಗದಿದ್ದರೆ ಮುಕ್ಕಾಲು. ಬೆಳಗಿನ ಬಿಸಿಲಲ್ಲಿ, ತೊಳೆದ ಬಿಳಿ ಕ್ಯಾನ್ವಾಸ್ ಬೂಟಿನಲ್ಲಿ, ಸಾಲುಸಾಲಿನ ನಡುವೆ ನಡೆಯುತ್ತಾ ಅವರು ಎಣಿಸುತ್ತಿದ್ದ ದನಿ ದಾಖಲೆಯವರ ಕಿವಿಯಲ್ಲಿ ಇನ್ನೂ ಇತ್ತು: "ಕಾಲು... ಅರ್ಧ... ನೀನು ಒಂದು... ನೀನು ಏನೂ ಇಲ್ಲ, ಮತ್ತೆ ಮಾಡು." ನಲವತ್ತು ಹುಡುಗರು ಬೆವರಿಳಿಸಿ ಇಪ್ಪತ್ತು ಹೊಡೆದರೆ ಮೇಷ್ಟ್ರ ಲೆಕ್ಕದಲ್ಲಿ ಅದು ಹನ್ನೊಂದೂವರೆ. ಮೂರನೆಯ ಸಾಲಿನ ಕೊನೆಯಲ್ಲಿದ್ದ ಒಬ್ಬ ಹುಡುಗ ಎಂಟು ವರ್ಷದಲ್ಲಿ ಒಂದೇ ಒಂದು ದಿನವೂ 'ಒಂದು' ಅನ್ನಿಸಿಕೊಳ್ಳಲಿಲ್ಲ. ಅವನ ಮೊಣಕೈ ಕೊನೆಯ ಗಳಿಗೆಯಲ್ಲಿ ಕೈಕೊಡುತ್ತಿತ್ತು. ಶಾಲೆಯೆಲ್ಲ ಅವನನ್ನು ಕರೆಯುತ್ತಿದ್ದದ್ದು 'ಮುಕ್ಕಾಲು' ಎಂದು.

ಆ ಮುಕ್ಕಾಲೇ ಈಗ ದಾಖಲೆಯವರು. ಮತ್ತು ಆ ಮೇಷ್ಟ್ರು ಮೂರು ತಿಂಗಳಿಂದ ಅವರ ಕೆಳಗಿನ ಮನೆಯಲ್ಲೇ ಇದ್ದರು.

ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಷ್ಟ್ರನ್ನು ಮಗಳು ತನ್ನ ಮನೆಗೆ ಕರೆತಂದಿದ್ದಳು. ಮಗಳಿಗೆ ಹೊಲಿಗೆಯ ಕೆಲಸ. ಕಟ್ಟಡದವರಿಗೆಲ್ಲ ಅವಳು ಹೊಲಿಗೆಯಕ್ಕ. ಮೇಷ್ಟ್ರು ಬಂದಿದ್ದಾರೆಂದು ತಿಳಿದ ದಿನವೇ ದಾಖಲೆಯವರು ಹೋಗಿ ನೋಡಿಕೊಂಡು ಬರಬೇಕಿತ್ತು. ಹೆಂಡತಿಯೂ ಹೇಳಿದಳು. ನಾಳೆ ಹೋದರಾಯಿತು ಎಂದರು. ನಲವತ್ತೊಂಬತ್ತು ವರ್ಷದ ಗಂಡಸು ಮೊದಲನೆಯ ಮಹಡಿ ಬಂದ ಕೂಡಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಹಿಮ್ಮಡಿ ಎತ್ತಿ, ಉಸಿರು ಬಿಗಿಹಿಡಿದು ಆ ಬಾಗಿಲನ್ನು ದಾಟುತ್ತಿದ್ದರು. ಒಳಗಿನಿಂದ "ಎದೆ ಮುಂದೆ" ಎಂದು ಯಾರಾದರೂ ಕೂಗಿಬಿಟ್ಟರೆ ಎಂಬ ಭಯ. ನಾಳೆ ನಾಳೆ ಎನ್ನುತ್ತಾ ಮೂರು ತಿಂಗಳಾಯಿತು. ಅಷ್ಟು ತಡವಾದ ಮೇಲೆ ಹೋಗುವುದಕ್ಕೆ ನಾಚಿಕೆ.

ಸವಾಲಿನ ಮೊದಲ ದಿನ ಬೆಳಿಗ್ಗೆ ಆರೂವರೆಗೆ ದಾಖಲೆಯವರು ಮುಂಭಾಗದ ಕೋಣೆಯ ಬಾಗಿಲು ಹಾಕಿಕೊಂಡರು. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಹೆಂಡತಿ ಏನು ಬೇಕಾದರೂ ಕರೆಯಿರಿ ಎಂದಳು. ಒಂದು ದಂಡ ಆಯಿತು. ಎರಡನೆಯ ದಿನ ಎರಡು ಆದವು, ಅಥವಾ ಆದಂತೆ ಆಯಿತು. ಮೂರನೆಯ ದಿನ ಶರ್ಟಿನ ತೋಳಿಗೆ ಕೈ ತೂರಿಸಲು ಹೆಂಡತಿಯ ಸಹಾಯ ಬೇಕಾಯಿತು. ನಾಲ್ಕನೆಯ ದಿನ ಎರಡನೆಯ ದಂಡಕ್ಕೇ ಮೊಣಕೈ ಮಡಚಿಕೊಂಡು ಅವರು ಎಂಬತ್ತು ಕಿಲೋ ಒಟ್ಟಾಗಿ ನೆಲಕ್ಕೆ ಬಿದ್ದರು. ದಢ್ ಎಂದಿತು. ಕಿಟಕಿಯ ಗಾಜು ನಡುಗಿತು.

"ಇವತ್ತು ಜೋರಾಗಿ ನಡೀತಿದೆ," ಎಂದಳು ಅಡುಗೆಮನೆಯಿಂದ ಹೆಂಡತಿ. ದನಿಯಲ್ಲಿ ಮೆಚ್ಚಿಗೆ ಇತ್ತು. ಮದುವೆಯಾದ ಹೊಸತರಲ್ಲಿ, ಅವರು ಬೀಗ ಕೆಟ್ಟು ಕೂತ ಪೆಟ್ಟಿಗೆಯನ್ನು ಹಲ್ಲಿನಿಂದ ತೆಗೆದ ದಿನ, ಇಂಥದೇ ಮೆಚ್ಚಿಗೆ ಇತ್ತು. ಈ ಸಲ ಅವರಿಗೆ ಒಂದು ಲೋಟ ಹಾಲು ಹೆಚ್ಚಿಗೆ ಸಿಕ್ಕಿತು.

ಹಾಲು ಕುಡಿಯುತ್ತಾ ದಾಖಲೆಯವರು ಯೋಚಿಸಿದರು. ಯೋಚನೆ ಮಾಡುತ್ತಿದ್ದಾಗ ಅವರ ಕಣ್ಣು ಬಾಗಿಲಿಗೆ ಆನಿಸಿಟ್ಟಿದ್ದ ಹಳೆಯ ರಿಜಿಸ್ಟರಿನ ಮೇಲೆ ಬಿತ್ತು. ಕಚೇರಿಯಲ್ಲಿ ಬೇಡವೆಂದು ತೆಗೆದುಹಾಕಿದ್ದು. ಆರು ಕಿಲೋ ತೂಕ, ಕೆಂಪು ಬಟ್ಟೆಯ ರಟ್ಟು. ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲೆಂದು ತಂದಿಟ್ಟುಕೊಂಡಿದ್ದರು. ವಿದ್ಯೆ ಯಾವಾಗ ಯಾವ ರೂಪದಲ್ಲಿ ಕೈಹಿಡಿಯುತ್ತದೋ ಯಾರು ಬಲ್ಲರು.

ಐದನೆಯ ದಿನ ಅವರು ಕುರ್ಚಿಯಲ್ಲಿ ಕೂತು, ಪತ್ರಿಕೆ ಓದುತ್ತಾ, ರಿಜಿಸ್ಟರನ್ನು ಐದು ಸಲ ಬೀಳಿಸಿದರು.

ಇಲ್ಲಿ ಅವರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರು ಎಣಿಕೆಯಲ್ಲಿ ಒಂದು ದಿನವೂ ಮೋಸ ಮಾಡಲಿಲ್ಲ. ಆರನೆಯ ದಿನ ಆರು, ಒಂಬತ್ತನೆಯ ದಿನ ಒಂಬತ್ತು. ಒಂದು ಬೀಳಿಸುವುದಕ್ಕೂ ಇನ್ನೊಂದು ಬೀಳಿಸುವುದಕ್ಕೂ ನಡುವೆ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಏಳಲು ಎಷ್ಟು ಹೊತ್ತು ಬೇಕೋ ಅಷ್ಟು ಬಿಡುತ್ತಿದ್ದರು. ಕೊನೆಕೊನೆಗೆ ಸುಸ್ತಾದಂತೆ ಸ್ವಲ್ಪ ನಿಧಾನ ಮಾಡುತ್ತಿದ್ದರು. ಕಚೇರಿಯ ಹಾಳೆಯಲ್ಲಿ ಬರೆಯುವಾಗಲೂ ಬರೀ ಸಂಖ್ಯೆ ಬರೆಯುತ್ತಿದ್ದರೇ ಹೊರತು ಯಾವುದರ ಸಂಖ್ಯೆ ಎಂದು ಬರೆಯುತ್ತಿರಲಿಲ್ಲ. ದಾಖಲೆಯಲ್ಲಿ ಸುಳ್ಳು ಬರೆಯುವುದು ಅವರ ಜಾಯಮಾನವಲ್ಲ.

ಹತ್ತನೆಯ ದಿನ ಕಟ್ಟಡದ ಕಾರ್ಯದರ್ಶಿಗಳು ತನಿಖೆ ಶುರುಮಾಡಿದರು. ಅವರು ಮೂರನೆಯ ಮಹಡಿಯವರು, ನಿವೃತ್ತರು, ಮಾಡಲು ಕೆಲಸವಿಲ್ಲದೆ ಕಟ್ಟಡದ ಒಂದೊಂದು ಮೊಳೆಯ ಯೋಗಕ್ಷೇಮವನ್ನೂ ವಿಚಾರಿಸುವವರು. ಬೆಳಿಗ್ಗೆ ಆರೂವರೆಗೆ ಕಟ್ಟಡದಲ್ಲಿ ಏನೋ ಬಡಿದುಕೊಳ್ಳುತ್ತಿದೆ, ದಿನಕ್ಕೊಂದು ಏಟು ಹೆಚ್ಚುತ್ತಿದೆ, ಇದು ನೀರಿನ ಪೈಪಿನ ಕಾಯಿಲೆ ಎಂಬುದು ಅವರ ತೀರ್ಮಾನ. ಪ್ಲಂಬರನ್ನು ಕರೆಸಿದರು. ಪ್ಲಂಬರು ಮೆಟ್ಟಿಲ ಪಕ್ಕದ ಉದ್ದ ಪೈಪನ್ನು ಮೂರು ಕಡೆ ಬಿಚ್ಚಿ, ಒಳಗೆ ಬಗ್ಗಿ ನೋಡಿ, ಕತ್ತಲೆ ಇದೆ ಎಂದ. ಒಂದು ದಿನವಿಡೀ ಯಾರ ಮನೆಗೂ ನೀರು ಬರಲಿಲ್ಲ. ಹೆಂಗಸರು ಬಕೆಟ್ ಹಿಡಿದು ಕಾರ್ಯದರ್ಶಿಗಳ ಬಾಗಿಲ ಮುಂದೆ ಸಾಲಾಗಿ ನಿಂತರು. ಆ ಸಾಲಿನಲ್ಲಿ ದಾಖಲೆಯವರ ಹೆಂಡತಿಯೂ ಇದ್ದಳು.

ಕಾರ್ಯದರ್ಶಿಗಳು ನೇರವಾಗಿ ದಾಖಲೆಯವರ ಹತ್ತಿರ ಬಂದು, ನೀವು ನೀರಿನ ಕಚೇರಿಯವರು, ನಿಮ್ಮ ಅಭಿಪ್ರಾಯ ಹೇಳಬೇಕು ಎಂದು ಕೇಳಿದರು. ಕುಂಬಳಕಾಯಿ ಕಳ್ಳನನ್ನೇ ಕರೆದು ತೋಟಕ್ಕೆ ಕಾವಲು ಕೂರಿಸಿದ ಹಾಗಾಯಿತು. ದಾಖಲೆಯವರು ಕೈ ಹಿಂದೆ ಕಟ್ಟಿಕೊಂಡು ಪೈಪನ್ನು ಮೇಲಿಂದ ಕೆಳಗೆ ನೋಡಿ, ಬೆರಳಿನಿಂದ ಎರಡು ಸಲ ತಟ್ಟಿ, ಗಂಭೀರವಾಗಿ ನುಡಿದರು.

"ಗಾಳಿ ಸೇರಿಕೊಂಡಿರಬಹುದು."

"ಗಾಳಿ ದಿನಕ್ಕೊಂದು ಜಾಸ್ತಿ ಆಗುತ್ತಾ?"

"ಅದು ಗಾಳಿಯ ಸ್ವಭಾವ. ಮೂವತ್ತಕ್ಕೆ ಹೋಗಿ ನಿಲ್ಲುತ್ತೆ."

ಇಷ್ಟು ಖಚಿತವಾಗಿ ಭವಿಷ್ಯ ಹೇಳುವ ತಜ್ಞರನ್ನು ಕಾರ್ಯದರ್ಶಿಗಳು ಜನ್ಮದಲ್ಲಿ ಕಂಡಿರಲಿಲ್ಲ. ಪ್ಲಂಬರು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡ.

ಹದಿನೈದನೆಯ ದಿನ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ದಾಖಲೆಯವರು ಬಾಗಿಲಿನ ಗಾಜುಗಣ್ಣಿಗೆ ಕಣ್ಣಿಟ್ಟು ನೋಡಿದರೆ ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡು ಹೊಲಿಗೆಯಕ್ಕ ನಿಂತಿದ್ದಾಳೆ. ಹೆಂಡತಿಗೆ ಕೈಸನ್ನೆ ಮಾಡಿ, ತಾವು ಮನೆಯಲ್ಲಿಲ್ಲವೆಂದು ಸೂಚಿಸಿ, ಪರದೆಯ ಹಿಂದೆ ಅಡಗಿದರು. ಪರದೆ ಮೊಣಕಾಲವರೆಗೆ ಮಾತ್ರ ಇತ್ತು.

ಹೊಲಿಗೆಯಕ್ಕ ಪರದೆಯ ಕೆಳಗಿನ ಪಾದಗಳನ್ನು ಒಂದು ಗಳಿಗೆ ನೋಡಿ, ಮರ್ಯಾದೆಗೆ ದೃಷ್ಟಿ ಬೇರೆ ಕಡೆ ತಿರುಗಿಸಿದಳು. ಬೆಳಗಿನ ಸದ್ದಿನ ವಿಷಯ ಅವರ ಹತ್ತಿರ ಮಾತಾಡಬೇಕಿತ್ತು, ಅಪ್ಪ ಆ ಸದ್ದಿಗೆ... ಎಂದು ಹೇಳುವಷ್ಟರಲ್ಲಿ ಕೆಳಗಿನಿಂದ ಯಾರೋ ಗಿರಾಕಿ ಕೂಗಿದರು. ಮತ್ತೆ ಬರ್ತೀನಿ ಎಂದು ಇಳಿದುಹೋದಳು.

ಅರ್ಧ ವಾಕ್ಯ ಪೂರ್ತಿ ವಾಕ್ಯಕ್ಕಿಂತ ಅಪಾಯ. ಮೂಳೆ ಮುರಿದು ಮಲಗಿರುವ ಗುರುಗಳ ತಲೆಯ ಮೇಲೆ ದಿನಾ ಬೆಳಿಗ್ಗೆ ತಾವು ಆರು ಕಿಲೋ ಬೀಳಿಸುತ್ತಿದ್ದೇವೆ ಎಂಬುದು ದಾಖಲೆಯವರಿಗೆ ಆಗಲೇ ಹೊಳೆದದ್ದು. ಪೈಪು, ಪ್ಲಂಬರು ಎಲ್ಲ ನೆನಪಿತ್ತು. ಕೆಳಗೆ ಒಬ್ಬ ಮನುಷ್ಯ ಮಲಗಿದ್ದಾನೆಂಬುದು ಮರೆತಿತ್ತು. ಪರದೆಯ ಹಿಂದಿನಿಂದ ಬರಲು ಬಹಳ ಹೊತ್ತು ಹಿಡಿಯಿತು.

ಮಾರನೆಯ ದಿನ ಅವರು ರಿಜಿಸ್ಟರಿನ ಕೆಳಗೆ ದಿಂಬು ಇಟ್ಟರು. ಹದಿನಾರು ಸಲ ಬೀಳಿಸಿದರು. ಸದ್ದು ಬರಲಿಲ್ಲ, ಆದರೂ ಹದಿನಾರು ಹದಿನಾರೇ. ಮಲಗಿಬಿಟ್ರೇನು ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಪಳಗಿದ ಮೈ ಸದ್ದು ಮಾಡುವುದಿಲ್ಲ, ಹೊಸಬರು ಮಾತ್ರ ದಢಾರೆಂದು ಬೀಳುತ್ತಾರೆ ಎಂದು ಇವರು ಉತ್ತರ ಕೊಟ್ಟರು. ಮಧ್ಯಾಹ್ನದೊಳಗೆ ಆ ಸುದ್ದಿ ಕಟ್ಟಡವನ್ನೆಲ್ಲ ಸುತ್ತಿ ಬಂತು. ಪೈಪಿನೊಳಗೆ ಇದ್ದದ್ದು ಗಾಳಿಯಲ್ಲ, ದಾಖಲೆಯವರ ದಂಡ ಎಂದು ತಿಳಿದ ಕಾರ್ಯದರ್ಶಿಗಳು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಹದಿನೇಳು, ಹದಿನೆಂಟು, ಹೀಗೆ ಮೂರು ದಿನ ಕಟ್ಟಡ ಮೌನವಾಗಿತ್ತು.

ಹದಿನೆಂಟನೆಯ ದಿನ ಸಂಜೆ ಹೊಲಿಗೆಯಕ್ಕ ಮತ್ತೆ ಬಂದಳು. ಈ ಸಲ ಜೊತೆಗೆ ಕಾರ್ಯದರ್ಶಿಗಳೂ ಇದ್ದರು. ಹೆಂಡತಿ ಬಾಗಿಲು ಪೂರ್ತಿ ತೆರೆದು ಒಳಗೆ ಬನ್ನಿ ಎಂದಳು. ಪರದೆ ದೂರವಿತ್ತು. ದಾಖಲೆಯವರು ಸಿಕ್ಕಿಬಿದ್ದರು.

ಅವಳು ದೂರು ಹೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಹೇಳಿದಳು. ಮೂಳೆ ಕೂಡಿದೆ, ಕಾಲಿಗೆ ವ್ಯಾಯಾಮ ಮಾಡಿಸಿದರೆ ನಡೀತಾರೆ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಮೂರು ತಿಂಗಳು ಗೋಡೆ ನೋಡುತ್ತಾ ಮಲಗಿದರು. ಅವಳು ಬೇಡಿಕೊಂಡಳು, ಬೈದಳು, ಅತ್ತಳು. ಕಾಲು ಎತ್ತಲಿಲ್ಲ. ಒಂದು ಬೆಳಿಗ್ಗೆ ಮೇಲಿನಿಂದ ದಢ್ ಎಂದಿತು. ಅಪ್ಪ ಕಣ್ಣು ಬಿಟ್ಟರು. ಮಾರನೆಯ ದಿನ ಐದು ಸದ್ದು. ಐದು ಸಲ ಕಾಲು ಎತ್ತಿದರು. ಅದರ ಮಾರನೆಯ ದಿನ ಆರು. ಹದಿನೈದಕ್ಕೆ ಬಂದ ದಿನ ಮಂಚದ ಕಟ್ಟು ಹಿಡಿದು ಎದ್ದು ನಿಂತರು.

"ಅದನ್ನ ಹೇಳೋಕೇ ಅವತ್ತು ಬಂದಿದ್ದೆ ಅಣ್ಣಾ. ಮಾರನೇ ದಿನ ನಿಮ್ಮ ಸದ್ದು ನಿಂತೋಯ್ತು. ಅವನು ಬಿಟ್ಟ, ನಾನೂ ಬಿಟ್ಟೆ ಅಂತ ಅಪ್ಪ ಮತ್ತೆ ಗೋಡೆ ಕಡೆ ತಿರುಗಿಬಿಟ್ರು."

ತಿಂಗಳ ಕೊನೆಗೆ ಡಾಕ್ಟರು ಬರುವವರಿದ್ದರು. ಅಷ್ಟರಲ್ಲಿ ನಾಲ್ಕು ಹೆಜ್ಜೆ ಇಡದಿದ್ದರೆ ಸ್ನಾಯು ಸತ್ತೇಹೋಯಿತೆಂದು ಅರ್ಥ, ಇನ್ನು ಉಳಿದ ಆಯಸ್ಸಿಗೆ ಗಾಲಿ ಕುರ್ಚಿ. ಕುರ್ಚಿಗೆ ಚೀಟಿಯನ್ನೂ ಬರೆದು ಕೊಟ್ಟಿದ್ದರು.

ಅವರು ಬಿಟ್ಟಿಲ್ಲವಮ್ಮ, ಪಳಗಿದ್ದಾರೆ, ಅದಕ್ಕೇ ಸದ್ದಿಲ್ಲ ಎಂದು ಹೆಂಡತಿ ಮೆಲ್ಲಗೆ ಹೇಳಿದಳು.

"ಹಾಗಾದ್ರೆ ದಯವಿಟ್ಟು ಸ್ವಲ್ಪ ಕೆಟ್ಟದಾಗಿ ಹೊಡೀರಿ ಅಣ್ಣಾ," ಎಂದಳು ಹೊಲಿಗೆಯಕ್ಕ.

ಕಾರ್ಯದರ್ಶಿಗಳು ಜೇಬಿನಿಂದ ಒಂದು ಕಾಗದ ತೆಗೆದರು. ಬೆಳಿಗ್ಗೆ ಆರೂವರೆಯಿಂದ ಆರೂ ಮುಕ್ಕಾಲರವರೆಗೆ ಎರಡನೆಯ ಮಹಡಿಯಲ್ಲಿ ಸದ್ದು ಮಾಡಲು ಕಟ್ಟಡದ ಅನುಮತಿ ಇದೆಯೆಂದೂ, ಮಾಡದಿದ್ದಲ್ಲಿ ಕ್ರಮ ಕೈಗೊಳ್ಳಲಾಗುವುದೆಂದೂ ಅದರಲ್ಲಿ ಬರೆದಿತ್ತು.

ಹತ್ತೊಂಬತ್ತನೆಯ ದಿನ ದಾಖಲೆಯವರು ದಿಂಬನ್ನು ಹಾಸಿಗೆಗೆ ಕಳಿಸಿ, ಆರೂವರೆಗೆ ಸರಿಯಾಗಿ ರಿಜಿಸ್ಟರ್ ಎತ್ತಿದರು. ಅಂದು ಅವರು ಪತ್ರಿಕೆ ಓದಲಿಲ್ಲ. ಹತ್ತೊಂಬತ್ತು ಸಲ ಬೀಳಿಸಿ ಉಸಿರು ಬಿಟ್ಟಾಗ ಗೋಡೆಯ ನೀರಿನ ಪೈಪು ಟಣ್ ಎಂದಿತು. ಕೆಳಗೆ ಮಂಚದಿಂದ ಯಾರೋ ಕೋಲಿನಿಂದ ತಟ್ಟಿದ್ದರು. ಒಂದೇ ಸಲ. ಸಾಲಿನ ಕೊನೆಗೆ ಬಂದು ನಿಂತು ಮೇಷ್ಟ್ರು ಶಿಳ್ಳೆ ಊದುತ್ತಿದ್ದದ್ದೂ ಒಂದೇ ಸಲ. ದಾಖಲೆಯವರಿಗೆ ಗೊತ್ತಿಲ್ಲದೆಯೇ ಅವರ ಬೆನ್ನು ನೆಟ್ಟಗಾಯಿತು.

ಇಪ್ಪತ್ತಮೂರನೆಯ ದಿನ ಅವರ ಎಣಿಕೆ ತಪ್ಪಿತು. ಇಪ್ಪತ್ತೆರಡಕ್ಕೇ ನಿಲ್ಲಿಸಿ ಕಾದರು. ಪೈಪು ಸುಮ್ಮನಿತ್ತು. ಮತ್ತೂ ಕಾದರು. ಹೆಂಡತಿ ಅಡುಗೆಮನೆಯಿಂದ ಇಣುಕಿ, "ರೀ, ಒಂದು ಬಾಕಿ ಇದೆ" ಎಂದಳು. ಬಾಗಿಲು ಹಾಕುವುದನ್ನು ಅವರು ಆ ದಿನ ಮರೆತಿದ್ದರು. ಗಾಬರಿಯಲ್ಲಿ ರಿಜಿಸ್ಟರಿನ ಮೇಲೆ ತಾವೇ ಕೂತುಬಿಟ್ಟರು. ಹೆಂಡತಿ ಏನೂ ಕಾಣದವಳಂತೆ ತಿರುಗಿ ಹೋದಳು. ಅವಳ ಹಿಟ್ಟಿನ ಕೈ ಬಾಯಿಗೆ ಅಡ್ಡ ಇತ್ತು. ಇವರು ಇನ್ನೊಂದು ಬೀಳಿಸಿದರು. ಟಣ್.

ಆದರೆ ಆ ದಿನಗಳಲ್ಲಿ ಅನ್ನ ಸರಿಯಾಗಿ ಇಳಿಯುತ್ತಿರಲಿಲ್ಲ. ಕೆಳಗೆ ಎಪ್ಪತ್ತೆಂಟರ ಮುದುಕರು ಒಂದೊಂದು ಸದ್ದಿಗೂ ನಿಜವಾಗಿ ಕಾಲು ಎತ್ತುತ್ತಿದ್ದಾರೆ. ಮೇಲೆ ಶಿಷ್ಯ ಕುರ್ಚಿಯಲ್ಲಿ ಕೂತಿದ್ದಾನೆ. ಹೇಳಿಬಿಡೋಣವೆಂದರೆ ಮೇಷ್ಟ್ರು ಮತ್ತೆ ಗೋಡೆ ಕಡೆ ತಿರುಗಿದರೆ ಗತಿಯೇನು? ಹೇಳದಿದ್ದರೆ ಇದು ಎಂಥ ಬದುಕು? ಹುಲಿಯ ಮೇಲೆ ಕೂತವನಿಗೆ ಇಳಿಯುವ ಕಷ್ಟವಾದರೆ, ದಾಖಲೆಯವರಿಗೆ ರಿಜಿಸ್ಟರಿನಿಂದ ಇಳಿಯುವ ಕಷ್ಟ.

ಮೂವತ್ತನೆಯ ದಿನ ಬಂತು. ಮೂವತ್ತು ಸಲ ಬೀಳಿಸಿದರು. ಒಂದೂ ಓರೆಯಾಗಲಿಲ್ಲ. ಟಣ್ ಎನ್ನುವುದನ್ನು ಕಾಯುತ್ತಾ ಕೂತರು. ಪೈಪು ಸುಮ್ಮನಿತ್ತು. ಬೆರಳಲ್ಲಿ ಮತ್ತೆ ಲೆಕ್ಕ ಹಾಕಿದರು, ಮೂವತ್ತೇ. ಆಗ ಕೆಳಗಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಕೋಲು. ಆಮೇಲೆ ಒಂದು ಹೆಜ್ಜೆ. ಮತ್ತೆ ಕೋಲು, ಮತ್ತೆ ಹೆಜ್ಜೆ.

ಹದಿನಾಲ್ಕು ಮೆಟ್ಟಿಲು ಹತ್ತಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟರಲ್ಲಿ ದಾಖಲೆಯವರು ರಿಜಿಸ್ಟರನ್ನು ಬೀರುವಿನ ಮೇಲಿಟ್ಟರು, ಅಲ್ಲಿಂದ ತೆಗೆದು ಮಂಚದ ಕೆಳಗಿಟ್ಟರು, ಅಲ್ಲಿಂದ ತೆಗೆದು ಮತ್ತೆ ಬಾಗಿಲಿಗೇ ಆನಿಸಿದರು. ಬೆವರಿಲ್ಲವೆಂದು ನೆನಪಾಗಿ ಲೋಟದ ನೀರನ್ನು ತಲೆಗೆ ಸುರಿದುಕೊಂಡರು. ಅದು ನೀರಲ್ಲ, ಹಾಲು.

ಹೀಗೆ ಮೂಗಿನಿಂದ ಹಾಲು ತೊಟ್ಟಿಕ್ಕುತ್ತಿದ್ದ ಸ್ಥಿತಿಯಲ್ಲಿ, ಮೂವತ್ತನಾಲ್ಕು ವರ್ಷಗಳ ಮೇಲೆ, ಅವರು ತಮ್ಮ ಗುರುಗಳ ಎದುರು ನಿಂತರು.

ಮೇಷ್ಟ್ರು ಸಣ್ಣಗಾಗಿದ್ದರು. ಆ ಅಂಗಿಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಆದರೆ ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿದ್ದರು. ಅಡಿಯ ರಬ್ಬರಿಗೆ ಸೀಮೆಸುಣ್ಣ ಬಳಿದಿತ್ತು. ಹಿಂದೆ ಮಗಳು, ಅವಳ ಹಿಂದೆ ಮೇಲಿನಿಂದ ಇಳಿದುಬಂದಿದ್ದ ಕಾರ್ಯದರ್ಶಿಗಳು. ಮೇಷ್ಟ್ರು ಕೋಣೆಯನ್ನೊಮ್ಮೆ ನೋಡಿದರು. ಕುರ್ಚಿ ನೋಡಿದರು, ಬಾಗಿಲಿಗೆ ಆನಿಸಿದ್ದ ಕೆಂಪು ರಟ್ಟನ್ನು ನೋಡಿದರು. ಕೋಲಿನ ತುದಿಯಿಂದ ಅದನ್ನು ಮೆಲ್ಲಗೆ ತಟ್ಟಿದರು.

"ಇದೇನೋ?"

ದಾಖಲೆಯವರು ಒಂದು ಹೆಜ್ಜೆ ಹಿಂದೆ ಸರಿದರು.

"ಮೂವತ್ತೈದು ವರ್ಷ ಹುಡುಗರು ಬೀಳೋ ಸದ್ದು ಕೇಳಿದವನು ನಾನು. ಮನುಷ್ಯ ಬಿದ್ರೆ ಎರಡು ಸದ್ದು ಬರುತ್ತೆ. ಮೊದಲು ಮೊಣಕೈ, ಆಮೇಲೆ ಎದೆ. ನಾಲ್ಕನೇ ದಿನದ್ದು ಮನುಷ್ಯ. ಐದನೇ ದಿನದಿಂದ ಇದು." ಮತ್ತೊಮ್ಮೆ ತಟ್ಟಿದರು. "ನಾಲ್ಕು ತಿಂಗಳಿಂದ ನನ್ನ ಬಾಗಿಲ ಮುಂದೆ ಹಿಮ್ಮಡಿ ಎತ್ತಿಕೊಂಡು ಕಳ್ಳನ ಹಾಗೆ ಓಡಾಡೋನು ಯಾರು ಅಂತಲೂ ಗೊತ್ತು. ಹೋಮ್‌ವರ್ಕ್ ಮಾಡದ ದಿನ ಮೂರನೇ ಸಾಲಿನ ಕೊನೆಯವನು ಹಾಗೇ ನಡೀತಿದ್ದ. ಮುಕ್ಕಾಲು ಅಲ್ವೇನೋ ನೀನು?"

"ಹೌದು ಸಾರ್," ಎಂದರು ದಾಖಲೆಯವರು. ಹತ್ತು ವರ್ಷದ ಹುಡುಗನ ದನಿ ಬಂತು.

ಕಾರ್ಯದರ್ಶಿಗಳು ಪೈಪಿನ ಲೆಕ್ಕ ನೆನೆದು ಏನೋ ಹೇಳಹೊರಟರು. ಹೊಲಿಗೆಯಕ್ಕ ಅವರ ತೋಳು ಹಿಡಿದು ಸುಮ್ಮನಾಗಿಸಿದಳು. ದಾಖಲೆಯವರು ಹೆಂಡತಿಯ ಕಡೆ ನೋಡಲಾರದೆ ನೆಲ ನೋಡಿದರು. ನೆಲ ನೋಡುತ್ತಿದ್ದಂತೆಯೇ ಅವಳ ದನಿ ಕೇಳಿಸಿತು. ತನಗೂ ಐದನೇ ದಿನದಿಂದಲೇ ಗೊತ್ತು, ದಿನಾ ಬನೀನು ಒಗೆಯುವವಳು ತಾನು, ಬೆವರಿನ ವಾಸನೆ ಇದ್ದರೆ ತಾನೆ ಎಂದಳು. ಹಾಗಾದರೆ ಸುಮ್ಮನಿದ್ದದ್ದೇಕೆ ಎಂದು ಕೇಳುವ ಹಾಗೆ ಅವರು ತಲೆ ಎತ್ತಿದರು. "ಸದ್ದು ಬರ್ತಿದ್ರೆ ನಂಗೂ ಹಿಟ್ಟು ಬೇಗ ನಾದೋಕೆ ಆಗ್ತಿತ್ತು," ಎಂದಳು ಅವಳು.

"ಗೊತ್ತಿದ್ದೂ ನೀವು ಯಾಕೆ ಸಾರ್..." ದಾಖಲೆಯವರು ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರು ಕುರ್ಚಿಯಲ್ಲಿ ನಿಧಾನವಾಗಿ ಕೂತರು. ಕಾಲನ್ನು ಒಂದೊಂದಾಗಿ ಸರಿಮಾಡಿಕೊಂಡರು.

"ಜೀವಮಾನವೆಲ್ಲ ಬೇರೆಯವರಿಗೆ ಎಣಿಸಿದೆ ಕಣೋ. ನನಗೆ ಎಣಿಸೋರು ಯಾರೂ ಇರಲಿಲ್ಲ. ನೀನು ಎಣಿಸಿದೆ. ಬೀಳಿಸೋದರಲ್ಲಿ ನಿನಗೆ ನೂರಕ್ಕೆ ನೂರು, ಒಂದೂ ಓರೆ ಬೀಳಲಿಲ್ಲ." ಕೋಲನ್ನು ನೆಲಕ್ಕೆ ಊರಿದರು. "ಈಗ ಮಲಗು. ಕೈ ಭುಜದಗಲ."

ಹಾಲು ಒರೆಸಿಕೊಂಡು ದಾಖಲೆಯವರು ಮಲಗಿದರು. ಮೇಲೆ ಗುರುಗಳು, ಸುತ್ತ ಹೆಂಡತಿ, ನೆರೆಮನೆ, ಕಟ್ಟಡದ ಆಡಳಿತ. ನೆಲದ ಮೇಲೆ ಮುಖವಿಟ್ಟಾಗ ಧೂಳಿನ ವಾಸನೆ ಬಂತು. ಅದರಲ್ಲಿ ಎಲ್ಲೋ ಮೈದಾನದ ಮಣ್ಣಿನ ವಾಸನೆಯೂ ಇತ್ತು. ಎದೆ ಎತ್ತಿದರು. "ಕಾಲು," ಎಂದಿತು ಆ ದನಿ, ಹಾಗೇ, ಮೂವತ್ತನಾಲ್ಕು ವರ್ಷ ಕಳೆದೇ ಇಲ್ಲವೆಂಬಂತೆ. ಸೊಂಟ ಜೋಲಲು ಬಿಡಲಿಲ್ಲ. "ಅರ್ಧ." ತೋಳುಗಳು ಗಡಗಡ ನಡುಗಿದವು. ಕಾರ್ಯದರ್ಶಿಗಳು ತಮ್ಮ ಮೊಣಕೈಯನ್ನೇ ನೆಟ್ಟಗೆ ಮಾಡಿಕೊಂಡು ನಿಂತರು. ಹೆಂಡತಿ ಸೆರಗು ಕಚ್ಚಿದಳು. "ಮುಕ್ಕಾಲು," ಎಂದರು ಮೇಷ್ಟ್ರು. ಅಲ್ಲಿಗೆ ಮೊಣಕೈ ಎಂದಿನಂತೆ ಕೈಕೊಟ್ಟಿತು. ದಢ್ ಎಂದಿತು. ಮೊದಲು ಮೊಣಕೈ, ಆಮೇಲೆ ಎದೆ.

ಯಾರೂ ನಗಲಿಲ್ಲ. ಮೇಷ್ಟ್ರು ಬಗ್ಗಿ, ಕೋಲಿನಿಂದ ಶಿಷ್ಯನ ಬೆನ್ನನ್ನು ಮೆಲ್ಲಗೆ ಮುಟ್ಟಿದರು.

"ನಾಚಿಕೆ ಯಾಕೋ. ನನ್ನದೂ ಇವತ್ತು ಹದಿಮೂರೂ ಮುಕ್ಕಾಲೇ. ಕೊನೆ ಮೆಟ್ಟಿಲಿಗೆ ಮಗಳು ಕೈ ಹಿಡಿದಳು. ನಾಳೆ ಆರೂವರೆಗೆ ಕೆಳಗೆ ಬಾ. ಇಬ್ಬರದೂ ಕಾಲು ಕಾಲು ಬಾಕಿ ಇದೆ. ಚ‍ಪ್ಪಲಿ ಹಾಕ್ಕೊಂಡು ಬಾ."

ಮಧ್ಯಾಹ್ನ ಬಂದ ಡಾಕ್ಟರು ರೋಗಿಯನ್ನು ಮಂಚದಲ್ಲಿ ಕಾಣದೆ, ಮೇಲಿನ ಮನೆಗೆ ಹತ್ತಿ ಬಂದು, ಅಲ್ಲಿ ಅವರು ಚಹಾ ಕುಡಿಯುತ್ತಿರುವುದನ್ನು ಕಂಡು, ಗಾಲಿ ಕುರ್ಚಿಯ ಚೀಟಿ ವಾಪಸು ಕೇಳಿ ಹರಿದುಹಾಕಿದರು.

ಅಂದು ಕಚೇರಿಗೆ ತಡವಾಗಿ ಹೋದ ದಾಖಲೆಯವರು ಹಾಳೆಯ ಮುಂದೆ ನಿಂತರು. ತಮ್ಮ ಸಾಲಿನಲ್ಲಿ ಬರೆದಿದ್ದ ಸಂಖ್ಯೆಗಳ ಮೇಲೆ ಅಡಿಕೋಲಿಟ್ಟು ಒಂದೇ ಗೆರೆ ಎಳೆದರು. ಮೂವತ್ತನೆಯ ಮನೆಯಲ್ಲಿ ಅಂದವಾದ ಅಕ್ಷರದಲ್ಲಿ 'ಮುಕ್ಕಾಲು' ಎಂದು ಬರೆದು ಸಹಿ ಹಾಕಿದರು. ಟೈಪಿಸ್ಟಮ್ಮ ಕನ್ನಡಕ ಏರಿಸಿಕೊಂಡು ನೋಡಿ, ಇದು ಇವತ್ತಿನ ಲೆಕ್ಕವೇ ಸಾರ್ ಎಂದು ಕೇಳಿದರು.

"ಇಲ್ಲಮ್ಮ. ಇದು ತಿಂಗಳ ಒಟ್ಟು," ಎಂದರು ದಾಖಲೆಯವರು. ಅಷ್ಟು ಹೆಮ್ಮೆಯಿಂದ ಅವರು ಏನನ್ನಾದರೂ ದಾಖಲಿಸಿದ್ದು ಯಾರಿಗೂ ನೆನಪಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವರು ಚಪ್ಪಲಿ ಸದ್ದು ಮಾಡುತ್ತಾ ಹದಿನಾಲ್ಕು ಮೆಟ್ಟಿಲು ಇಳಿದು ಹೋದರು. ಹೊಲಿಗೆಯಕ್ಕ ಬಟ್ಟೆಯ ಗಂಟುಗಳನ್ನು ಸರಿಸಿ ಜಾಗ ಮಾಡಿದ್ದಳು. ಮೇಷ್ಟ್ರು ಬೂಟು ಹಾಕಿಕೊಂಡು, ಮಂಚದ ಅಂಚಿನಲ್ಲಿ ಕಾಲು ಚಾಚಿ ತಯಾರಾಗಿದ್ದರು. ದಾಖಲೆಯವರು ನೆಲಕ್ಕೆ ಕೈ ಊರಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರೂ ಮಾಡುವವರೇ ಆದರೆ ಎಣಿಸುವವರು ಯಾರು ಎಂಬುದು ಆಗ ಹೊಳೆಯಿತು.

ಅಷ್ಟರಲ್ಲಿ ತಲೆಯ ಮೇಲೆ ದಢ್ ಎಂದಿತು.

ಸ್ವಲ್ಪ ಓರೆ ಬಿದ್ದಿತ್ತು. ಮೂಲೆ ಮೊದಲು ತಾಕಿದ ಸದ್ದು. ಹಿಟ್ಟಿನ ಕೈಯಲ್ಲಿ ಹಿಡಿದರೆ ಹಾಗೇ ಆಗುತ್ತದೆ. ಮೇಷ್ಟ್ರು ಮೇಲಕ್ಕೆ ನೋಡಿ, ಕಿವಿಗೊಟ್ಟು, ತಲೆಯಾಡಿಸಿದರು.

"ಅರ್ಧ," ಎಂದರು. "ಪರವಾಗಿಲ್ಲ, ಕಲೀತಾಳೆ. ನೀನು ಶುರುಮಾಡು."